ಕಾಗೆಗೆ ಕಾದ ಮಧ್ಯಾಹ್ನ

ಅಪ್ಪ ಹೋದ ಮೇಲೆ ಅಡುಗೆ ಮಾಡಲೂ ಬೇಸರ. ಇವತ್ತು ಪಕ್ಕದ ಮನೆಯಿಂದ ವಡೆ ಕರಿಯುವ ವಾಸನೆ ಬಂದಾಗ ಕುಂಬಾರಕೊಪ್ಪಲಿನ ನಮ್ಮ ಹಳೆಯ ಹಿತ್ತಿಲು ನೆನಪಾಯಿತು.

ಆಗ ಚಿಕ್ಕಪ್ಪ ತೀರಿಕೊಂಡಿದ್ದರು. ಅಂದಿನಿಂದ ಅಜ್ಜಿ ಅನ್ನ ಮುಟ್ಟದೆ ಬರೀ ಕಾಫಿ ಕುಡಿದೇ ದಿನ ತಳ್ಳುತ್ತಿದ್ದಳು. ಬೌದ್ಧ ಧರ್ಮ ಸ್ವೀಕರಿಸಿದ್ದ ಅಪ್ಪ, ತಿಥಿಯ ಬದಲು ಭಿಕ್ಷುವೊಬ್ಬರನ್ನು ಊಟಕ್ಕೆ ಕರೆದಿದ್ದರು. ಅಜ್ಜಿ ಬೇಡವೆನ್ನಲಿಲ್ಲ. ಆದರೆ ಸತ್ತ ಮಗನಿಗೆಂದು ಬಾಳೆಲೆಯಲ್ಲಿ ಎಡೆ ಬಡಿಸಿ, ಹಿತ್ತಿಲ ಗೋಡೆಯ ಮೇಲಿಟ್ಟು, ಕಾಗೆ ಮುಟ್ಟುವವರೆಗೆ ಯಾರಿಗೂ ಊಟವಿಲ್ಲ ಎಂದುಬಿಟ್ಟಳು.

“ಭಿಕ್ಷುಗಳು ಹನ್ನೆರಡರ ಮೇಲೆ ಉಣ್ಣಂಗಿಲ್ಲ ಕಣವ್ವ. ಬಡಿಸ್ಬುಡು,” ಎಂದು ಅಪ್ಪ ತಗ್ಗಿದ ದನಿಯಲ್ಲಿ ಹೇಳಿದರು.

“ನಿನ್ ಧರ್ಮಕ್ಕೇನು, ಗಡಿಯಾರ ನೋಡ್ಕೊಂಡು ಉಣ್ತದೆ. ನಿನ್ ತಮ್ಮ ಹಸ್ಕೊಂಡಿರ್ಲಾ?”

ಇದನ್ನು ಕೇಳಿಸಿಕೊಂಡ ಭಿಕ್ಷು ಒಳಗಿನಿಂದ ಬಂದು ಅಜ್ಜಿಯ ಪಕ್ಕ ಒಗೆಯುವ ಕಲ್ಲಿನ ಮೇಲೆ ಕೂತರು. “ಕಾಯೋಣ ಕಣಮ್ಮ,” ಎಂದರು. ಎಲೆಯ ಅಂಚು ಬಿಸಿಲಿಗೆ ಬಾಡಿ ಮುದುರಿತು. ಕೊನೆಗೂ ಕಾಗೆ ಬಂದು ವಡೆ ಕಚ್ಚಿಕೊಂಡು ಹೋಗುವ ಹೊತ್ತಿಗೆ ಹನ್ನೆರಡು ದಾಟಿತ್ತು.

ಅಜ್ಜಿ ಓಡಾಡಿ ಎಲೆ ಹಾಕಿ ಬಡಿಸಿದಳು. ಭಿಕ್ಷು ನೀರಷ್ಟೇ ಕುಡಿದರು.

“ನಿಮ್ಮನ್ನ ಉಪಾಸ ಕೆಡವ್ಬುಟ್ನಲ್ಲ ಸಾಮೇರೆ,” ಎಂದಳು ಅಜ್ಜಿ.

“ನಿಮ್ಮ ಮಗನ ಹಸಿವೂ ನನ್ನ ಹಸಿವೂ ಬೇರೆ ಬೇರೆ ಅಲ್ಲ ಕಣಮ್ಮ. ನಿಮ್ಮದೂ ಅಷ್ಟೇ. ಕೂತ್ಕೊಳ್ಳಿ.”

ಅಜ್ಜಿ ಅವರ ಮುಖ ನೋಡಿದಳು. ಆಮೇಲೆ ಅವರಿಗೆ ಹಾಕಿದ್ದ ಎಲೆಯ ಮುಂದೆ ಕೂತು ಅನ್ನ ಕಲಸತೊಡಗಿದಳು. ಅಪ್ಪ ಬಗ್ಗಿ ಸಾರು ಬಡಿಸಿದರು.