ಮಾದರಿ ಪಾಠ

ಎಲ್‌ಎಲ್‌ಎಂ ಮುಗಿಸಿ ಕಾನೂನು ಕಾಲೇಜಿನಲ್ಲಿ ಪಾಠ ಹೇಳಬೇಕೆಂಬುದು ಅವಳ ಹಟ. ಅದಕ್ಕೆ ನಾಳೆ ಪರೀಕ್ಷಕರ ಎದುರು ಒಂದು ಪಾಠ ಮಾಡಿ ತೋರಿಸಬೇಕಿತ್ತು. ಹೋದ ಸಲ ನಾಲಿಗೆ ಒಣಗಿ ಅರ್ಧಕ್ಕೇ ನಿಂತುಬಿಟ್ಟಿದ್ದಳು. ಹಾಗಾಗಿ ಅಮ್ಮನನ್ನೂ ಅಣ್ಣನನ್ನೂ ಎದುರಿಗೆ ಕೂರಿಸಿಕೊಂಡು ಮನೆಯಲ್ಲೇ ಅಭ್ಯಾಸ ಶುರುಮಾಡಿದಳು. ನಾಳೆಗೆಂದು ಅಮ್ಮ ತಂದ ಹೊಸ ಸೀರೆ ಅಮ್ಮನ ಮಡಿಲಲ್ಲೇ ಇತ್ತು.

"ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಪಾಲು," ಎಂದಳು.

ಅಪ್ಪ ಹೋದಮೇಲೆ ಮನೆ, ಜಮೀನು ನೋಡಿಕೊಳ್ಳುತ್ತಿದ್ದ ಅಣ್ಣನಿಗೆ ಅವಳ ಓದೆಂದರೆ ಸಿಡುಕು. ಇವತ್ತು ಅವನೇ ವಿದ್ಯಾರ್ಥಿಯಂತೆ ಕೈಯೆತ್ತಿದ.

"ಮಗಳೇ ಬೇಡ ಅಂದ್ರೆ, ಮೇಡಂ?"

"ಬಾಯಲ್ಲಿ ಅಂದ್ರೆ ಸಾಲ್ದು. ಹಕ್ಕು ಬಿಡುಗಡೆ ಪತ್ರ ಬರೆದು ರಿಜಿಸ್ಟರ್ ಮಾಡಿಸ್ಬೇಕು."

"ಬಲವಂತವಾಗಿ ಬರೆಸ್ಕೊಂಡ್ರು ಅಂತ ಅವಳು ಆಮೇಲೆ ಕೋರ್ಟಿಗೆ ಹೋದ್ರೆ?"

"ಓದಿದವಳಾದ್ರೆ ಸಾಬೀತು ಮಾಡೋದು ಕಷ್ಟ. ಗೊತ್ತಿದ್ದೇ ಸಹಿ ಹಾಕಿದ್ದಾಳೆ ಅಂತಾರೆ. ನಮ್ಮಲ್ಲಿ ಬಲವಂತ ಎಲ್ಲಿ ಮಾಡ್ತಾರೆ? ಒಂದು ಸೀರೆ, ಅರಿಶಿನ ಕುಂಕುಮ ಕೊಟ್ಟು ಸಹಿ ಹಾಕಿಸ್ಕೊಳ್ಳೋರೇ ಜಾಸ್ತಿ."

ಅಣ್ಣ ತಲೆದೂಗಿದ. ಇವನೇ ಇಷ್ಟು ಆಸಕ್ತಿಯಿಂದ ಕೇಳುತ್ತಾನಲ್ಲ ಎಂದು ಅವಳ ಅಂಜಿಕೆ ಅರ್ಧ ಇಳಿಯಿತು.

"ನಾಳೆ ಪಾಠ ಎಷ್ಟೊತ್ತಿಗೆ?" ಎಂದು ಕೇಳಿದ.

"ಮಧ್ಯಾಹ್ನ ಎರಡಕ್ಕೆ."

ಅವನು ಅಮ್ಮನ ಮುಖ ನೋಡಿದ. ಅಮ್ಮ ಮಗಳ ಕಡೆ ನೋಡದೆ, ಸೀರೆಯ ಮೇಲೆ ಅರಿಶಿನ ಕುಂಕುಮದ ಪೊಟ್ಟಣವಿಟ್ಟು ಮುಂದೆ ಚಾಚಿದಳು.

"ಬೆಳಗ್ಗೇನೇ ಉಟ್ಕೊಂಡ್ಬಿಡು ಪುಟ್ಟಿ. ಹನ್ನೊಂದಕ್ಕೆ ಸಬ್‌ರಿಜಿಸ್ಟ್ರಾರ್ ಆಫೀಸಿಗೆ ಹೋಗ್ಬೇಕು."