ಪ್ರಿಂಟರಿನ ಸಿ.ಡಿ.

ಮಾವ ಪ್ರಿಂಟರಿನ ಜೊತೆ ಬಂದಿದ್ದ ಸಿ.ಡಿ.ಯನ್ನು ಎದೆಗವುಚಿಕೊಂಡು ಸೊಸೆಯ ಬೆನ್ನ ಹಿಂದೆಯೇ ನಿಂತಿದ್ದರು. ಗುಜರಿಗೆ ಹೊರಟಿದ್ದ ಅವರ ಹಳೇ ಕಂಪ್ಯೂಟರಿಗೆ ಅವಳು ಆಗಷ್ಟೇ ವಿಂಡೋಸ್ ಬದಲು ಪುಕ್ಕಟೆ ಸಿಗುವ ಲಿನಕ್ಸ್ ಹಾಕಿ ಮುಗಿಸಿದ್ದಳು.

"ಬಿಟ್ಟಿ ಸಿಗೋದಕ್ಕೆ ಗ್ಯಾರಂಟಿ ಎಲ್ಲಿರುತ್ತಮ್ಮಾ? ಅದೆಲ್ಲ ಕಪ್ಪು ಪರದೆ ಮೇಲೆ ಏನೇನೋ ಟೈಪ್ ಮಾಡ್ಕೊಂಡು ಕೂರೋರಿಗೆ. ನನ್ನ ಡ್ರೈವಿಂಗ್ ಸ್ಕೂಲಿಗೆ ಪ್ರಿಂಟರ್ ಓಡಬೇಕು. ಈ ಸಿ.ಡಿ. ಹಾಕದಿದ್ರೆ ಅದು ಜಪ್ಪಯ್ಯ ಅಂದ್ರೂ ಓಡಲ್ಲ. ಓಡದಿದ್ರೆ ಕಂಪ್ಯೂಟರ್ ಗುಜರಿಗೇ!" ಆ ಸಿ.ಡಿ.ಯನ್ನು ಅವರು ಬೀರುವಿನಲ್ಲಿ ಒಡವೆಯ ಹಾಗೆ ಕಾಪಾಡಿದ್ದರು. ಮೊಮ್ಮಕ್ಕಳಿಗೆ ಮುಟ್ಟಲೂ ಬಿಟ್ಟಿರಲಿಲ್ಲ.

"ಮೊದಲು ವಯರು ಸಿಕ್ಕಿಸಿ ನೋಡೋಣ ಮಾವ," ಎಂದ ಸೊಸೆ ವಯರು ಸಿಕ್ಕಿಸಿ, ಏನೋ ಟೈಪ್ ಮಾಡಿ, ಒಂದು ಗುಂಡಿ ಒತ್ತಿದಳು. ಮಾವ ಸಿ.ಡಿ.ಯನ್ನು ಡಬ್ಬಿಯಿಂದ ತೆಗೆಯುವಷ್ಟರಲ್ಲೇ ಪ್ರಿಂಟರು ಗುರ್ರೆಂದು ಕಾಗದವೊಂದನ್ನು ಹೊರಕ್ಕೆ ತಳ್ಳಿತು. ಅದರಲ್ಲಿ ದುಂಡಗಿನ ಕನ್ನಡ ಅಕ್ಷರ: "ಮಾವ, ನಿಮ್ಮ ಟೀ ಆರಿಹೋಗ್ತಿದೆ."

ಅವರು ಕಾಗದವನ್ನು ಹಿಂದುಮುಂದು ತಿರುಗಿಸಿ ನೋಡಿದರು. "ಸರಿ, ಏಳಮ್ಮಾ. ನಾಳಿನ ಕ್ಲಾಸಿನ ನೋಟಿಸು ನಾನೇ ಟೈಪ್ ಮಾಡ್ತೀನಿ," ಎಂದು ಅವಳನ್ನು ಎಬ್ಬಿಸಿ ತಾವು ಕೂತರು. ಟೀ ಒಂದು ಗುಟುಕು ಕುಡಿದು, ಮೇಜಿಗೆ ಕಲೆಯಾಗದಿರಲೆಂದು ಸಿ.ಡಿ.ಯನ್ನು ಅಲ್ಲಿಟ್ಟು, ಅದರ ಮೇಲೆ ಲೋಟ ಇಟ್ಟರು.