ಫೈನಲ್ ದಿನದ ಬೀಗ

ಹೊರಗಿನಿಂದ ಬೀಗ ಬಿದ್ದಿದೆ ಎಂದು ಹೇಮಚಂದ್ರನಿಗೆ ಗೊತ್ತಾಗುವ ಹೊತ್ತಿಗೆ ಅಂಕಣದಲ್ಲಿ ಫೈನಲ್‌ನ ಮೊದಲ ಸೀಟಿ ಊದಿಯಾಗಿತ್ತು.

ಹೆಗಲು ಕೊಟ್ಟು ನೂಕಿದ. ಬಾಗಿಲು ಜಗ್ಗಲಿಲ್ಲ. ಫೋನು ಅಂಕಣದ ಬದಿಯ ಬೆಂಚಿನ ಮೇಲಿನ ಜಾಕೆಟ್ಟಿನಲ್ಲಿ ಉಳಿದಿತ್ತು. ಚೆಂಡು, ಮ್ಯಾಟು ತುಂಬಿದ ಆ ಕೋಣೆಗೆ ಒಂದು ಕಿಟಕಿಯೂ ಇಲ್ಲ.

"ಸಾಕು ನಿನ್ನ ನಾಟಕ. ಬಾಗಿಲು ತೆಗೆಸು," ಎಂದ.

ಮ್ಯಾಟುಗಳ ಪಕ್ಕ ನಿಂತಿದ್ದ ತಂಗಿ ಅನಸೂಯಾ ದುರುಗುಟ್ಟಿ ನೋಡಿದಳು. ಅವಳ ಫೋನೂ ಹೊರಗೇ ಉಳಿದಿತ್ತು. "ನನ್ನದಾ ನಾಟಕ? ರೆಫರಿ ಕರೀತಾರೆ ಅಂತ ನನ್ನನ್ನ ಇಲ್ಲಿಗೆ ಕರೆಸಿದ್ದು ನೀನೇ ತಾನೆ?"

"ನನಗೂ ಹಾಗೇ ಹೇಳಿದ್ರು!"

ಮೈಸೂರಿನಲ್ಲಿ ಒಂದೇ ಚೆಂಡಿಗೆ ಕಿತ್ತಾಡಿ ಬೆಳೆದವರು. ಈಗ ಅವನು ಐರ್ಲೆಂಡಿನ ಕಾರ್ಕ್‌ನಲ್ಲಿ ಎಂಜಿನಿಯರ್, ಅವಳು ಅಲ್ಲಿಯದೇ ಲಿಮೆರಿಕ್‌ನಲ್ಲಿ ಡಾಕ್ಟರ್. ಬಿಡುವಿನಲ್ಲಿ ಇಬ್ಬರೂ ತಮ್ಮ ತಮ್ಮ ಊರಿನ ಕಾಲೇಜು ಹುಡುಗಿಯರ ಬ್ಯಾಸ್ಕೆಟ್‌ಬಾಲ್ ತಂಡಕ್ಕೆ ಕೋಚ್. ಕಳೆದ ವರ್ಷದ ಫೈನಲ್‌ನಲ್ಲಿ ಎಲ್ಲರೆದುರು ಜಗಳವಾಡಿ ಮಾತು ಬಿಟ್ಟಿದ್ದರು. ಈ ವರ್ಷವೂ ಫೈನಲ್‌ಗೆ ಅವರಿಬ್ಬರ ತಂಡಗಳೇ ಬಂದಿದ್ದವು.

ಹೊರಗೆ ಭಾರಿ ಕೂಗೆದ್ದಿತು. ಯಾರು ಚೆಂಡು ಹಾಕಿದರೋ!

"ಅನನ್ಯಾ, ಕತ್ತೆ! ಕಣ್ಣು ಎಲ್ಲಿಟ್ಟಿದೀಯ?" ಹೇಮಚಂದ್ರ ಗೋಡೆಗೆ ಅರಚಿದ. ಅನಸೂಯಾ ಅವನಿಗಿಂತ ಜೋರಾಗಿ ತನ್ನ ಹುಡುಗಿಯರನ್ನು ಬೈದಳು. ಅಂಕಣದವರೆಗೆ ಒಂದಕ್ಷರವೂ ಮುಟ್ಟಲಿಲ್ಲ.

ಮಧ್ಯಂತರದಲ್ಲಿ ಬಾಗಿಲಾಚೆ ಅನನ್ಯಾಳ ದನಿ ಕೇಳಿಸಿತು. ಕಾರ್ಕ್‌ನಲ್ಲೇ ಹುಟ್ಟಿದ ಅವನ ಕ್ಯಾಪ್ಟನ್. ಐರಿಷ್ ರಾಗದ ಕನ್ನಡ.

"ಸರ್, ಕೀ ಹುಡುಕ್ತಾ ಇದಾರೆ. ನೀವು ಗ್ರ್ಯಾಂಡ್ ಅಲ್ವಾ? ಆರಾಮ್ ತಾನೆ?"

"ಗ್ರ್ಯಾಂಡ್ ಅಂತೆ! ಸ್ಕೋರ್ ಎಷ್ಟೇ?"

"ಚೆನ್ನಾಗಿ ಆಡ್ತಾ ಇದೀವಿ ಸರ್." ಹೆಜ್ಜೆ ಸದ್ದು ಓಡಿಹೋಯಿತು.

ಗೋಡೆಗಳು ಹತ್ತಿರ ಬಂದಂತೆನಿಸಿತು. ಉಸಿರು ಸಾಲದೆ ಹೇಮಚಂದ್ರ ಕುಸಿದು ಕೂತ. ಅನಸೂಯಾ ಸರಸರನೆ ಬಂದು ಅವನ ಮಣಿಕಟ್ಟು ಹಿಡಿದಳು.

"ಬಿಪಿ ಮಾತ್ರೆ ತಗೊಂಡ್ಯಾ?"

"ಮರೆತೆ."

"ಅಮ್ಮಂಗೆ ಹೇಳ್ತೀನಿ ಇರು."

ಅವನಿಗೆ ನಗು ಬಂತು. ವರ್ಷದ ಮೇಲೆ ತಂಗಿ ಕೈ ಮುಟ್ಟಿದ್ದಳು. ಅವಳು ಕೈ ಬಿಡಲೂ ಇಲ್ಲ. ಅಣ್ಣ ತಂಗಿ ಮ್ಯಾಟಿಗೊರಗಿ ಕೂತರು.

"ನಾನೂ ಅಲ್ಲ, ನೀನೂ ಅಲ್ಲ. ಹಾಗಾದ್ರೆ ಯಾರೋ ಎರಡೂ ಟೀಮನ್ನ ಹಾಳು ಮಾಡೋಕೆ ನೋಡಿದಾರೆ," ಎಂದ.

"ಪಾಪ, ಹುಡುಗೀರು ನಾವಿಲ್ಲದೆ ಕಂಗಾಲಾಗಿರ್ತಾರೆ. ಸಿಕ್ಕಲಿ ಅವನು, ಟೂರ್ನಮೆಂಟಿಂದಲೇ ಓಡಿಸೋಣ."

ಕೊನೆಯ ಸೀಟಿಯಾಯಿತು. ಸ್ವಲ್ಪ ಹೊತ್ತಿಗೆ ಬೀಗ ಕಿರುಗುಟ್ಟಿ ಬಾಗಿಲು ತೆರೆಯಿತು. ಬೆವರಲ್ಲಿ ತೊಯ್ದ ಅನನ್ಯಾ. ಅವಳ ಹೆಗಲ ಮೇಲೆ ಕೈಹಾಕಿದ ಲಿಮೆರಿಕ್ ಕ್ಯಾಪ್ಟನ್ ಈಫಾ. ಹಿಂದೆ ಎರಡೂ ತಂಡ.

"ಒಂದೇ ಪಾಯಿಂಟಲ್ಲಿ ಸೋತ್ವಿ ಸರ್," ಎಂದಳು ಅನನ್ಯಾ. ಮುಖದ ತುಂಬ ನಗು.

"ಸೋಲು ಗೆಲುವು ಆಮೇಲೆ. ನಮ್ಮನ್ನ ಕೂಡಿಹಾಕಿದ್ದು ಯಾರು? ಹೆದರಬೇಡ, ಹೇಳು."

ಅವಳು ತಿರುಗಿ ಗೆಳತಿಯರನ್ನು ನೋಡಿದಳು. ಒಂದೊಂದಾಗಿ ಇಪ್ಪತ್ತನಾಲ್ಕು ಕೈಗಳು ಮೇಲೆದ್ದವು.

"ಒಂದು ಮ್ಯಾಚಾದ್ರೂ ಬೈಗುಳ ಇಲ್ಲದೆ ಆಡೋಣ ಅಂತ ಎಲ್ರೂ ವೋಟ್ ಹಾಕಿದ್ವಿ, ಸರ್."